ಜಪಾನೀಸ್ ಕಲಿಯೋಕೆ ಕನ್ನಡದ ದಾರಿ

ನಾನು ಬಿಡದಿ ಹತ್ತಿರ ಕಾರಿನ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ವಿಭಾಗದಲ್ಲಿದ್ದೇನೆ. ಭಾನುವಾರ ಬೆಳಿಗ್ಗೆ ನಮ್ಮ ಕಡೆಯ ಹುಡುಗ ಹುಡುಗಿಯರಿಗೆ ಜಪಾನೀಸ್ ಹೇಳಿಕೊಡುತ್ತೇನೆ. ಜಾಸ್ತಿ ಜನ ಐಟಿಐ, ಡಿಪ್ಲೊಮಾ ಮುಗಿಸಿದವರು. ಕನ್ನಡ ಮೀಡಿಯಂನಲ್ಲಿ ಓದಿ ಬಂದವರು. "ಅಕ್ಕ, ನನಗೆ ಇಂಗ್ಲಿಷೇ ಸರಿಯಾಗಿ ಬರಲ್ಲ, ಇನ್ನು ಜಪಾನೀಸ್ ಎಲ್ಲಿ ಬರುತ್ತೆ?" ಅಂತ ಮೊದಲ ದಿನವೇ ಕೇಳುತ್ತಾರೆ. ಈ ಬರಹ ಅವರಿಗಾಗಿ, ಮತ್ತು ಅವರ ಹಾಗೆ ಹಿಂದೆ ಮುಂದೆ ನೋಡುತ್ತಾ ನಿಂತಿರುವ ಎಲ್ಲರಿಗಾಗಿ. ಜಪಾನೀಸ್ ವಾಕ್ಯ ಕಟ್ಟುವ ರೀತಿ ಇಂಗ್ಲಿಷಿಗೆ ಬಹಳ ದೂರ, ಕನ್ನಡಕ್ಕೆ ಬಹಳ ಹತ್ತಿರ. ಆದರೆ ನಮ್ಮ ಕೈಗೆ ಸಿಗುವ ಪುಸ್ತಕ, ಆ್ಯಪ್ ಎಲ್ಲ ಇಂಗ್ಲಿಷ್ ಮೂಲಕವೇ ಕಲಿಸುತ್ತವೆ. ಹಾಗಾಗಿ ಪಕ್ಕದ ಮನೆಗೆ ಊರೆಲ್ಲ ಸುತ್ತಿ ಹೋದ ಹಾಗಾಗುತ್ತದೆ.

ಜಪಾನಿನ ಭಾಷಾ ವಿದ್ವಾಂಸ ಸುಸುಮು ಓನೊ ಅವರು ತಮಿಳಿಗೂ ಜಪಾನೀಸಿಗೂ ನಂಟಿದೆ ಅಂತಲೇ ವಾದಿಸಿದ್ದರು. ಹೆಚ್ಚಿನ ವಿದ್ವಾಂಸರು ಅದನ್ನು ಒಪ್ಪಲಿಲ್ಲ. ನಂಟು ಇರಲಿ, ಇಲ್ಲದಿರಲಿ, ಕಲಿಯುವವರಿಗೆ ಈ ಹೋಲಿಕೆ ಉಪಯೋಗಕ್ಕೆ ಬರುತ್ತದೆ. ಅದನ್ನು ಬಿಡಬೇಡಿ.

ಮೊದಲು ಬಾಯಿ

ಮೊದಲ ಕೆಲವು ದಿನ ಜಪಾನೀಸ್ ಪದಗಳನ್ನು ಕನ್ನಡ ಅಕ್ಷರದಲ್ಲೇ ಬರೆದುಕೊಳ್ಳಿ. ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ನಮ್ಮ ನಾಲಿಗೆ ತಾನಾಗಿಯೇ ಟ, ಡ ಕಡೆ ಮಡಚಿಕೊಳ್ಳುತ್ತದೆ. ಜಪಾನೀಸಿನಲ್ಲಿ ಟ ವರ್ಗ ಇಲ್ಲವೇ ಇಲ್ಲ. ಇರುವುದು ತ, ದ ಮಾತ್ರ. ನಾವು ದಿನಾ ಹೇಳುವ ಟೊಯೋಟಾ ಅವರ ಬಾಯಲ್ಲಿ ತೊಯೊತ. ನಮ್ಮ ಹೋಂಡಾ ಅವರಿಗೆ ಹೊಂದ. ಮಹಾಪ್ರಾಣವೂ ಇಲ್ಲ. ಲ ಇಲ್ಲ, ರ ಇದೆ.

ಇಂಗ್ಲಿಷ್ ಮಾತಾಡುವವರು ತಿಂಗಳುಗಟ್ಟಲೆ ಒದ್ದಾಡುವ ಎರಡು ವಿಷಯ ನಮಗೆ ಸುಮ್ನೆ ಬರುತ್ತವೆ. ಒಂದು, ಹ್ರಸ್ವ ಮತ್ತು ದೀರ್ಘ. ಒಬಸನ್ ಅಂದರೆ ಅತ್ತೆ, ಚಿಕ್ಕಮ್ಮನಂಥವರು. ಒಬಾಸನ್ ಅಂದರೆ ಅಜ್ಜಿ. ಇನ್ನೊಂದು, ಒತ್ತಕ್ಷರ. ಕಿತೆ ಅಂದರೆ 'ಬಾ', ಕಿತ್ತೆ ಅಂದರೆ ಅಂಚೆ ಚೀಟಿ. ಕತೆಗೂ ಕತ್ತೆಗೂ ವ್ಯತ್ಯಾಸ ಗೊತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನಮಗೆ ಹೊಸದು ಅಂದರೆ ದನಿಯ ಏರಿಳಿತ. ಟೋಕಿಯೋ ಮಾತಿನಲ್ಲಿ ಹಶಿ ಅನ್ನುವಾಗ ಹ ಏರಿದರೆ ಊಟದ ಕಡ್ಡಿ, ಶಿ ಏರಿದರೆ ಸೇತುವೆ. ಇದನ್ನು ನಿಯಮವಾಗಿ ಓದುವುದಕ್ಕಿಂತ ಕೇಳಿ, ಹಾಗೇ ಹೇಳಿ ಅಭ್ಯಾಸ ಮಾಡಿಕೊಳ್ಳಿ. ಮತ್ತೆ, ಕೊನೆಯ 'ಸು' ಹೆಚ್ಚಾಗಿ ನುಂಗಿಹೋಗುತ್ತದೆ. ಬರೆಯುವುದು ದೆಸು, ಕೇಳಿಸುವುದು ದೆಸ್.

ಆಮೇಲೆ ಅಕ್ಷರ

ಹಿರಗಾನ ಅನ್ನುವ ಮೊದಲ ಲಿಪಿಯಲ್ಲಿ 46 ಅಕ್ಷರ. ಅ, ಇ, ಉ, ಎ, ಒ ಮೊದಲು. ಆಮೇಲೆ ಸಾಲಾಗಿ ಕ, ಸ, ತ, ನ, ಹ, ಮ, ಯ, ರ, ವ. ಈ ಸಾಲನ್ನು ಜೋರಾಗಿ ಒಮ್ಮೆ ಹೇಳಿ ನೋಡಿ. ಎಲ್ಲೋ ಕೇಳಿದ ಹಾಗಿದೆ ಅಲ್ವಾ? ನಮ್ಮ ವರ್ಣಮಾಲೆಯೇ ಅದು. ಕ ಆದ ಮೇಲೆ ಚ ಜಾಗದಲ್ಲಿ ಸ, ಟ ವರ್ಗ ಬಿಟ್ಟು ತ, ನ, ಪ ಜಾಗದಲ್ಲಿ ಹ, ಆಮೇಲೆ ಮ, ಯ, ರ, ವ. ಸಂಸ್ಕೃತ ಮಂತ್ರಗಳನ್ನು ಓದಲು ಸಿದ್ಧಂ ಅನ್ನುವ ಭಾರತದ ಹಳೆಯ ಲಿಪಿ ಕಲಿತ ಜಪಾನಿನ ಬೌದ್ಧ ಭಿಕ್ಷುಗಳ ಓದಿನಿಂದ ಬಂದ ಕ್ರಮ ಇದು.

ಪ ಜಾಗದಲ್ಲಿ ಹ ಯಾಕೆ? ಹಿಂದೆ ಅವರ ಹ ನಿಜವಾಗಿ ಪ ಆಗಿತ್ತು. ಕಾಲ ಕಳೆದಂತೆ ಹ ಆಯಿತು. ಹಳಗನ್ನಡದ ಪಾಲ್ ನಮ್ಮಲ್ಲಿ ಹಾಲು ಆಗಲಿಲ್ಲವೇ, ಪೂ ಹೂವಾಗಲಿಲ್ಲವೇ, ಹಾಗೆ. ಇದು ಬರೀ ಚಂದದ ಕತೆ ಅಂದುಕೊಳ್ಳಬೇಡಿ, ಬರೆಯುವಾಗ ಕೆಲಸಕ್ಕೆ ಬರುತ್ತದೆ. ಅಕ್ಷರದ ಮೂಲೆಗೆ ಎರಡು ಚಿಕ್ಕ ಗೀಟು ಹಾಕಿದರೆ ಕ ಗ ಆಗುತ್ತದೆ, ತ ದ ಆಗುತ್ತದೆ. ಹ ಗೆ ಅದೇ ಗೀಟು ಹಾಕಿದರೆ ಬ. ಹ ಹೇಗೆ ಬ ಆಯಿತು ಅಂತ ಎಲ್ಲರೂ ತಲೆ ಕೆರೆದುಕೊಳ್ಳುತ್ತಾರೆ. ಪ ಜಾಗದ ಅಕ್ಷರ ಅಂತ ಗೊತ್ತಿದ್ದರೆ ಮರೆಯುವುದೇ ಇಲ್ಲ.

ಒಂದು ವಿಷಯ ಮಾತ್ರ ನೆನಪಿಡಿ. ಕಾಗುಣಿತ ಅಲ್ಲಿಲ್ಲ. ಕ, ಕಿ, ಕು ಮೂರಕ್ಕೂ ಬೇರೆ ಬೇರೆ ರೂಪ, ಒಂದಕ್ಕೊಂದು ಸಂಬಂಧವೇ ಇಲ್ಲ. ದಿನಕ್ಕೆ ಒಂದು ಸಾಲು, ಐದು ಅಕ್ಷರ, ಕೈಯಲ್ಲಿ ಬರೆದು ಕಲಿಯಿರಿ. ಕತಕಾನ ಅನ್ನುವ ಎರಡನೇ ಲಿಪಿಗೂ ಇದೇ ದಾರಿ. ಪರದೇಶದ ಪದ, ನಿಮ್ಮ ಹೆಸರು, ನಿಮ್ಮ ಊರು ಬರೆಯುವುದು ಅದರಲ್ಲೇ. ಅಲ್ಲಿ ಶಿ ಮತ್ತು ತ್ಸು ಅವಳಿ ಜವಳಿಯಂತೆ ಕಾಣುತ್ತವೆ. ಉದ್ದ ಗೀಟು ಕೆಳಗಿನಿಂದ ಮೇಲಕ್ಕೆ ಹೋದರೆ ಶಿ, ಮೇಲಿನಿಂದ ಕೆಳಕ್ಕೆ ಇಳಿದರೆ ತ್ಸು. ಎರಡೂ ಲಿಪಿ ಬಂದ ದಿನವೇ ಕನ್ನಡದಲ್ಲಿ ಬರೆದುಕೊಳ್ಳುವುದನ್ನು ನಿಲ್ಲಿಸಿ.

ವಾಕ್ಯ ಕಟ್ಟುವುದು

ನನಗೆ ಬಹಳ ಇಷ್ಟವಾದ ಭಾಗ ಇದು. ನಮ್ಮ ವಿಭಾಗದಲ್ಲಿ ದಿನಾ ಬೇಕಾಗುವ ಒಂದು ವಾಕ್ಯ ತೋರಿಸುತ್ತೇನೆ.

ಕಿನೋ ಒಕುತ್ತ ಬುಹಿನ್ ನಿ ಕಿಜು ಗ ಅರಿಮಶಿತ.

ಕಿನೋ: ನಿನ್ನೆ. ಒಕುತ್ತ: ಕಳಿಸಿದ. ಬುಹಿನ್: ಪಾರ್ಟು. ನಿ: ಅಲ್ಲಿ. ಕಿಜು: ಗೀರು. ಗ: ಕರ್ತೃವಿನ ಗುರುತು, ಅದರ ಬಗ್ಗೆ ಮುಂದೆ ಹೇಳುತ್ತೇನೆ. ಅರಿಮಶಿತ: ಇತ್ತು. ಹಾಗೇ ಓದಿಕೊಂಡು ಹೋಗಿ: ನಿನ್ನೆ ಕಳಿಸಿದ ಪಾರ್ಟಿನಲ್ಲಿ ಗೀರು ಇತ್ತು. ಒಂದು ಪದವೂ ಜಾಗ ಬದಲಿಸಲಿಲ್ಲ. ಇದನ್ನೇ ಇಂಗ್ಲಿಷಿಗೆ ಒಯ್ದು ಅಲ್ಲಿಂದ ಜಪಾನೀಸಿಗೆ ತರುವಷ್ಟರಲ್ಲಿ ವಾಕ್ಯ ಎರಡು ಸಲ ತಲೆಕೆಳಗಾಗಿರುತ್ತದೆ. 'ಗೀರು ಇದೆ ಅಂತ ಹೇಳಿದರು' ಅನ್ನಬೇಕಾ? ಕಿಜು ಗ ಅರು ತೊ ಈಮಶಿತ. ಆ 'ತೊ' ನಮ್ಮ 'ಅಂತ'. ಕೂರುವುದೂ ಅದೇ ಜಾಗದಲ್ಲಿ.

ವಿಭಕ್ತಿಯ ಕೆಲಸ ಮಾಡುವ ಚಿಕ್ಕ ಪದಗಳನ್ನು ಕನ್ನಡದ ಜೊತೆ ಜೋಡಿಸಿ ಬರೆದಿಟ್ಟುಕೊಳ್ಳಿ. ಒ ಅಂದರೆ ಅನ್ನು. ನೊ ಅಂದರೆ ನಮ್ಮ ಷಷ್ಠಿಯ ಅ. ಕರ ಅಂದರೆ ಇಂದ, ಮದೆ ಅಂದರೆ ವರೆಗೆ, ಮೊ ಅಂದರೆ ಊ. ನಿ ಕೆಲವು ಕಡೆ ಗೆ, ಕೆಲವು ಕಡೆ ಅಲ್ಲಿ. ವಾಕ್ಯದ ಕೊನೆಗೆ ಕ ಹಾಕಿದರೆ ಪ್ರಶ್ನೆ, ನೆ ಹಾಕಿದರೆ 'ಅಲ್ವಾ'.

ಆಮೇಲೆ 'ತೆ' ರೂಪ. ಇಂಗ್ಲಿಷ್ ಪುಸ್ತಕಗಳಲ್ಲಿ ಇದಕ್ಕೆ ಪುಟಗಟ್ಟಲೆ ವಿವರಣೆ ಇರುತ್ತದೆ. ನಮಗೆ ಅದು ತಿಂದು, ಬರೆದು, ಹೋಗಿ ಅನ್ನುವ ರೂಪ, ಅಷ್ಟೇ. ತಬೆತೆ ಅಂದರೆ ತಿಂದು, ಮಿರು ಅಂದರೆ ನೋಡು. ತಬೆತೆ ಮಿರು ಅಂದರೆ ತಿಂದು ನೋಡುವುದು. ರುಚಿ ನೋಡುವ ಅರ್ಥದಲ್ಲೇ! ಕೈತೆ ಒಕು ಅಂದರೆ ಬರೆದು ಇಡು, ಕೈತೆ ಅಗೆರು ಅಂದರೆ ಬರೆದು ಕೊಡು. ವಸುರೆತೆ ಶಿಮತ್ತ ಅಂದರೆ ಮರೆತು ಬಿಟ್ಟೆ. ಮನೆಯಿಂದ ಹೊರಡುವಾಗ ಜಪಾನಿನವರು ಇತ್ತೆ ಕಿಮಸ್ ಅನ್ನುತ್ತಾರೆ. ಹೋಗಿ ಬರ್ತೀನಿ. ನಮ್ಮ ಹಾಗೆಯೇ, ಬರೀ 'ಹೋಗ್ತೀನಿ' ಅಂತ ಹೊರಡುವುದಿಲ್ಲ. ಇದನ್ನು ಹೇಳಿಕೊಡುವ ದಿನ ತರಗತಿಯಲ್ಲಿ ಮಕ್ಕಳ ಮುಖ ಅರಳುವುದನ್ನು ನೋಡಬೇಕು.

ಅಣ್ಣ ತಮ್ಮ, ಅಕ್ಕ ತಂಗಿ ಅಂತ ಅವರೂ ಬೇರೆ ಬೇರೆಯಾಗಿಯೇ ಹೇಳುತ್ತಾರೆ: ಅನಿ, ಒತೋತೊ, ಅನೆ, ಇಮೋತೊ. ಜನರನ್ನು ಎಣಿಸುವಾಗ ನಾವು ಒಂದು, ಎರಡು ಬಿಟ್ಟು ಒಬ್ಬ, ಇಬ್ಬರು ಅನ್ನುತ್ತೇವಲ್ಲ, ಅವರೂ ಹಿತೊತ್ಸು, ಫುತತ್ಸು ಬಿಟ್ಟು ಹಿತೊರಿ, ಫುತರಿ ಅನ್ನುತ್ತಾರೆ. ಆದರೆ ಅವರು ಅಲ್ಲಿಗೇ ನಿಲ್ಲಿಸುವುದಿಲ್ಲ. ಉದ್ದನೆಯ ವಸ್ತುವಿಗೆ ಹೊನ್, ತೆಳು ಹಾಳೆಗೆ ಮೈ, ಯಂತ್ರಕ್ಕೆ ದೈ, ಚಿಕ್ಕ ಪಾರ್ಟಿಗೆ ಕೊ. ಸರಳು ಇಪ್ಪೊನ್, ನಿಹೊನ್, ಸಂಬೊನ್. ಇದಕ್ಕೆ ಅಡ್ಡದಾರಿ ಇಲ್ಲ. ನಿಮ್ಮ ಕೆಲಸದಲ್ಲಿ ಬರುವ ನಾಲ್ಕೈದನ್ನು ಮೊದಲು ಕಲಿಯಿರಿ, ಉಳಿದದ್ದು ಆಮೇಲೆ.

ಕನ್ನಡ ಕೈಕೊಡುವ ಇನ್ನೊಂದು ಕಡೆ 'ವ' ಮತ್ತು 'ಗ'. ಎರಡೂ ಕರ್ತೃ ಆದ ಮೇಲೆ ಬರುತ್ತವೆ. 'ಯಾರು ಬಂದರು' ಅನ್ನುವ ಪ್ರಶ್ನೆಯಲ್ಲೂ ಅದರ ಉತ್ತರದಲ್ಲೂ ಗ. ಯಾರ ಬಗ್ಗೆ ಮಾತು ಅಂತ ಮೊದಲೇ ಗೊತ್ತಿದ್ದರೆ ವ. ಶುರುವಿಗೆ ಇಷ್ಟು ಸಾಕು. ಇದಕ್ಕೆ ಬದಲಾಗಿ ಒಂದು ದೊಡ್ಡ ಉಳಿತಾಯವೂ ಇದೆ. ಬಂದನು, ಬಂದಳು, ಬಂದರು, ಬಂದೆ ಎಲ್ಲಕ್ಕೂ ಅಲ್ಲಿ ಒಂದೇ ಕಿಮಶಿತ.

ಕಾಂಜಿ

ಕಾಂಜಿ ಅಂದರೆ ಚೀನಾದಿಂದ ಬಂದ, ಒಂದೊಂದೂ ಒಂದು ಅರ್ಥ ಹೇಳುವ ಅಕ್ಷರಗಳು. ಜಪಾನ್ ಸರ್ಕಾರ 2010ರಲ್ಲಿ ಪರಿಷ್ಕರಿಸಿದ ದಿನಬಳಕೆಯ ಕಾಂಜಿ ಪಟ್ಟಿಯಲ್ಲಿ 2,136 ಅಕ್ಷರ ಇವೆ. ಅಲ್ಲಿನ ಮಕ್ಕಳು ಪ್ರೈಮರಿಯ ಆರು ವರ್ಷದಲ್ಲಿ ಕಲಿಯುವುದು 1,026. ಅಂದ ಮೇಲೆ ನೀವು ಅವಸರ ಮಾಡಬೇಕಿಲ್ಲ. ಮೊದಲ ಹಂತಕ್ಕೆ ಸುಮಾರು ನೂರು ಸಾಕು.

ಒಂದೇ ಕಾಂಜಿಗೆ ಎರಡು ಮೂರು ಉಚ್ಚಾರ ಇರುವುದು ಎಲ್ಲರನ್ನೂ ಹೆದರಿಸುತ್ತದೆ. ನೀರಿನ ಕಾಂಜಿ ಒಂಟಿಯಾಗಿ ಬಂದರೆ ಮಿಜು, ಇನ್ನೊಂದರ ಜೊತೆ ಸೇರಿದರೆ ಹೆಚ್ಚಾಗಿ ಸುಯ್. ನಾವು ಕುಡಿಯುವಾಗ ನೀರು, ಜಲಾಶಯ ಅನ್ನುವಾಗ ಜಲ. ನಮಗೆ ಅಚ್ಚಗನ್ನಡ ಮತ್ತು ಸಂಸ್ಕೃತ ಇದ್ದ ಹಾಗೆ ಅವರಿಗೆ ಸ್ವಂತದ್ದು ಮತ್ತು ಚೀನಾದಿಂದ ಬಂದದ್ದು. ಹೀಗೆ ನೋಡಿದರೆ ಹೆದರಿಕೆ ಹೋಗುತ್ತದೆ. ಉಚ್ಚಾರಗಳನ್ನು ಪಟ್ಟಿ ಮಾಡಿ ಉರು ಹೊಡೆಯಬೇಡಿ, ಪದದ ಜೊತೆ ಕಲಿಯಿರಿ.

ವಾರದ ಹೆಸರಿನಿಂದ ಶುರು ಮಾಡಿ. ಭಾನುವಾರ ಸೂರ್ಯ, ಸೋಮವಾರ ಚಂದ್ರ, ಎರಡೂ ನಮ್ಮಂತೆಯೇ. ಮಂಗಳ ಬೆಂಕಿ, ಬುಧ ನೀರು, ಗುರು ಮರ, ಶುಕ್ರ ಚಿನ್ನ, ಶನಿ ಮಣ್ಣು. ಮಂಗಳ ಗ್ರಹಕ್ಕೆ ಅವರು ಬೆಂಕಿಯ ನಕ್ಷತ್ರ ಅನ್ನುತ್ತಾರೆ, ಶನಿಗೆ ಮಣ್ಣಿನ ನಕ್ಷತ್ರ. ಗ್ರಹಗಳ ಸಾಲು ನಮ್ಮ ಪಂಚಾಂಗದ್ದೇ. ಏಳು ಕಾಂಜಿ ಒಂದೇ ದಿನಕ್ಕೆ ಬಂದುಬಿಡುತ್ತವೆ. ಆಮೇಲೆ ಅವೇ ಬೇರೆ ಅಕ್ಷರಗಳ ಒಳಗೆ ತುಂಡುಗಳಾಗಿ ಸಿಗುತ್ತವೆ. ಕಬ್ಬಿಣ, ಬೆಳ್ಳಿ, ಉಕ್ಕು, ಸೂಜಿ ಎಲ್ಲದರ ಎಡಗಡೆ ಅದೇ ಚಿನ್ನದ ಗುರುತು. ಸಮುದ್ರ, ಎಣ್ಣೆ, ತೊಳೆ ಅನ್ನುವುದರ ಎಡಗಡೆ ನೀರಿನ ಮೂರು ಹನಿ.

ದಿನದ ಅಭ್ಯಾಸ

ಕಂಪನಿ ಬಸ್ಸಿನಲ್ಲಿ ಫೋನ್ ಹಿಡಿಯುವ ಸಮಯ ಸಾಕು. ಪದ ಮತ್ತು ಅರ್ಥದ ಚೀಟಿಗಳನ್ನು ತೋರಿಸುವ ಆಂಕಿ ಅನ್ನುವ ಆ್ಯಪ್ ಆಂಡ್ರಾಯ್ಡ್‌ನಲ್ಲಿ ಉಚಿತ. ಮರೆಯುವ ಹೊತ್ತಿಗೆ ಸರಿಯಾಗಿ ಅದೇ ಪದವನ್ನು ಮತ್ತೆ ತೋರಿಸುತ್ತದೆ. ಬೇರೆಯವರು ಮಾಡಿಟ್ಟ ಚೀಟಿಗಳಿಗಿಂತ ನೀವೇ ಮಾಡಿದ್ದು ಚೆನ್ನಾಗಿ ಕೂರುತ್ತದೆ, ಅರ್ಥ ಕನ್ನಡದಲ್ಲೇ ಬರೆಯಿರಿ. ಜಪಾನ್ ಫೌಂಡೇಶನ್‌ನವರ ಇರೊದೊರಿ ಪಾಠಗಳು ಇಂಟರ್‌ನೆಟ್‌ನಲ್ಲಿ ಆಡಿಯೋ ಸಮೇತ ಉಚಿತವಾಗಿ ಸಿಗುತ್ತವೆ. ಅಂಗಡಿ, ಕೆಲಸ, ಆಸ್ಪತ್ರೆ ಅಂತ ಬದುಕಿಗೆ ಬೇಕಾದ ಮಾತೇ ಅದರಲ್ಲಿ ಇರುವುದು.

ಕಾರ್ಖಾನೆಯಲ್ಲಿ ಇರುವವರಿಗೆ ಪದಗಳು ಆಗಲೇ ಗೊತ್ತಿರುತ್ತವೆ. ಕೈಜೆನ್ (ಸುಧಾರಣೆ), ಗೆಂಬ (ಕೆಲಸ ನಡೆಯುವ ಜಾಗ), ಕಂಬನ್ (ಯಾವ ಪಾರ್ಟು ಬೇಕು ಅಂತ ತಿಳಿಸುವ ಕಾರ್ಡು) ದಿನಾ ಕಿವಿಗೆ ಬೀಳುತ್ತವೆ. ಅದಕ್ಕೆ ಕಕುನಿನ್ (ಪರಿಶೀಲನೆ), ಗೆನ್‌ಇನ್ (ಕಾರಣ), ತೈಸಕು (ಪರಿಹಾರ), ಜುಮೆನ್ (ಡ್ರಾಯಿಂಗ್), ನೋಕಿ (ಡೆಲಿವರಿ ದಿನ) ಸೇರಿಸಿದರೆ ಮೀಟಿಂಗಿನಲ್ಲಿ ಯಾವುದರ ಬಗ್ಗೆ ಮಾತು ನಡೆಯುತ್ತಿದೆ ಅಂತ ತಿಳಿಯತೊಡಗುತ್ತದೆ.

ಪರೀಕ್ಷೆ ಮತ್ತು ಮಾತು

ಜಪಾನೀಸ್ ಎಷ್ಟು ಬರುತ್ತದೆ ಅಂತ ಅಳೆಯುವ ಜೆಎಲ್‌ಪಿಟಿ ಪರೀಕ್ಷೆಯಲ್ಲಿ ಐದು ಹಂತ. ಎನ್ 5 ಸುಲಭ, ಎನ್ 1 ಕಷ್ಟ. ವರ್ಷಕ್ಕೆ ಎರಡು ಸಲ, ಜುಲೈ ಮತ್ತು ಡಿಸೆಂಬರ್‌ನಲ್ಲಿ ನಡೆಯುತ್ತದೆ. ಬೆಂಗಳೂರಿನಲ್ಲೂ ಕೇಂದ್ರವಿದೆ. ಅರ್ಜಿ ಕೆಲವು ತಿಂಗಳು ಮೊದಲೇ ಮುಗಿದುಹೋಗುತ್ತದೆ, ಗಮನವಿರಲಿ. ಎನ್ 5ಕ್ಕೆ 180ರಲ್ಲಿ 80 ಬಂದರೆ ಪಾಸು, ಆದರೆ ಕೇಳುವ ಭಾಗದಲ್ಲಿ 60ಕ್ಕೆ 19 ಇರಲೇಬೇಕು. ಜಪಾನಿಗೆ ಹೋಗಿ ದುಡಿಯುವ ಆಸೆ ಇದ್ದರೆ, 2019ರಲ್ಲಿ ಶುರುವಾದ ಕೌಶಲ ವೀಸಾಕ್ಕೆ ಎನ್ 4 ಅಥವಾ ಜೆಎಫ್‌ಟಿ ಬೇಸಿಕ್ ಅನ್ನುವ ಇನ್ನೊಂದು ಜಪಾನೀಸ್ ಪರೀಕ್ಷೆ ಸಾಮಾನ್ಯವಾಗಿ ಕೇಳುತ್ತಾರೆ, ಜೊತೆಗೆ ಆ ಕೆಲಸದ ಕೌಶಲ ಪರೀಕ್ಷೆ ಬೇರೆ. ಇದ್ಯಾವುದೂ ಇಲ್ಲದೆ ಕಳಿಸುತ್ತೇನೆ ಅಂತ ದುಡ್ಡು ಕೇಳುವವರ ಹತ್ತಿರ ಹೋಗಬೇಡಿ.

ಜೆಎಲ್‌ಪಿಟಿಯಲ್ಲಿ ಮಾತಾಡುವ ಭಾಗ ಇಲ್ಲ. ಬರೀ ಉತ್ತರ ಆರಿಸುವುದು. ಹಾಗಾಗಿ ಮಾತನ್ನು ನೀವೇ ಬೇರೆಯಾಗಿ ರೂಢಿ ಮಾಡಿಕೊಳ್ಳಬೇಕು. ಎದುರಿನವರು ಮಾತಾಡುವಾಗ ನಡುನಡುವೆ 'ಹೈ' ಅನ್ನಿ. ಕತೆ ಕೇಳುವಾಗ ಹೂಂಗುಟ್ಟುವ ಹಾಗೆ ಅದು, ಒಪ್ಪಿದೆ ಅಂತ ಆಗುವುದಿಲ್ಲ. ಅವರು 'ಹೈ' ಅಂದಾಗಲೂ ಅಷ್ಟೇ, ಒಪ್ಪಿಗೆ ಸಿಕ್ಕಿತು ಅಂದುಕೊಳ್ಳಬೇಡಿ. 'ನೀವು' ಅನ್ನುವ ಬದಲು ಹೆಸರಿಗೆ ಮರ್ಯಾದೆಯ ಸನ್ ಸೇರಿಸಿ ಕರೆಯಿರಿ. ನಿಮ್ಮ ಹೆಸರಿಗೆ ಸೇರಿಸಿಕೊಳ್ಳಬೇಡಿ. ಹೊರಗಿನ ಗ್ರಾಹಕರ ಎದುರು ನಿಮ್ಮ ಮ್ಯಾನೇಜರ್ ಹೆಸರಿಗೂ ಸನ್ ಹಾಕುವಂತಿಲ್ಲ. ದೊಡ್ಡವರನ್ನು 'ಸಾರ್' ಅಂದೇ ಅಭ್ಯಾಸವಾದ ನಮಗೆ ಇದು ಸ್ವಲ್ಪ ಕಸಿವಿಸಿ, ಆದರೆ ಅಲ್ಲಿ ಅದೇ ಮರ್ಯಾದೆ.

ನನ್ನ ತರಗತಿಯಲ್ಲಿ ಇಬ್ಬಿಬ್ಬರು ಜೋಡಿಯಾಗಿ ಕೂರುತ್ತಾರೆ. ಒಬ್ಬರು ತಮ್ಮ ಹಿಂದಿನ ಶಿಫ್ಟಿನಲ್ಲಿ ಏನಾಯಿತು ಅಂತ ಐದು ವಾಕ್ಯದಲ್ಲಿ ಹೇಳಬೇಕು, ಇನ್ನೊಬ್ಬರು ಅದನ್ನು 'ಅಂತ ಹೇಳಿದರು' ಹಚ್ಚಿ ನನಗೆ ಒಪ್ಪಿಸಬೇಕು. ನೀವು ಒಬ್ಬರೇ ಕಲಿಯುತ್ತಿದ್ದರೆ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಮೊದಲು ಕನ್ನಡದಲ್ಲಿ ಹೇಳಿ, ಆಮೇಲೆ ಪದಗಳನ್ನು ಅದೇ ಸಾಲಿನಲ್ಲಿ ಜಪಾನೀಸಿಗೆ ಬದಲಿಸಿಕೊಂಡು ಹೋಗಿ. ಸಿಗದ ಪದ ಬಂದರೆ ನಿಲ್ಲಬೇಡಿ, ಕನ್ನಡದ ಪದವನ್ನೇ ಇಟ್ಟು ಮುಂದೆ ಹೋಗಿ. ಆ ಪದಗಳೇ ಮರುದಿನ ಬಸ್ಸಿನಲ್ಲಿ ನಿಮ್ಮ ಆಂಕಿ ಚೀಟಿಗಳು.