ಮಗುವಿನ ನೆಟ್ ಫ್ರಾಕ್ ಬಕೆಟ್‌ಗೆ ಹಾಕುವ ಮುಂಚೆ

ಹುಬ್ಬಳ್ಳಿಯ ದುರ್ಗದಬೈಲಿನ ಹತ್ತಿರ ನಮ್ಮದೊಂದು ಸಣ್ಣ ಟೇಲರಿಂಗ್ ಅಂಗಡಿ. ಜಾಸ್ತಿ ಹೊಲಿಯುವುದು ಹೆಣ್ಣುಮಕ್ಕಳ ಹುಟ್ಟುಹಬ್ಬದ ಫ್ರಾಕು, ರಿಸೆಪ್ಷನ್ ಲೆಹೆಂಗಾ. ಎರಡು ದಿನ ಕೂತು ನೆರಿಗೆ ಹಿಡಿದ ಫ್ರಾಕು ಒಂದೇ ಒಗೆತಕ್ಕೆ ಹರಿದು ವಾಪಸ್ ಬಂದರೆ ಜೀವ ಚುರ್ ಅನ್ನುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಈ ಫ್ರಾಕಿನ ನೆಟ್ ಬಟ್ಟೆಯ ಹೆಸರು ಟ್ಯೂಲ್. ಫ್ರಾನ್ಸಿನ ಒಂದು ಊರಿನಿಂದ ಬಂದ ಹೆಸರು. ನಮ್ಮಲ್ಲಿ ಯಾರೂ ಹಾಗೆ ಕೇಳುವುದಿಲ್ಲ. ಸಾಫ್ಟ್ ನೆಟ್, ಹಾರ್ಡ್ ನೆಟ್, ಕ್ಯಾನ್‌ಕ್ಯಾನ್ ಅಂತಾರೆ.

ಮೊದಲು ಯಾವ ನೂಲು ಅಂತ ನೋಡಿ. ಒಳಗಿನ ಹೊಲಿಗೆ ಅಂಚಿನಿಂದ ಉಗುರಿನಷ್ಟು ಚೂರು ಕತ್ತರಿಸಿ, ಇಕ್ಕಳದಲ್ಲಿ ಹಿಡಿದು ದೀಪಕ್ಕೆ ಒಡ್ಡಿ. ಕರಗಿ ಗಟ್ಟಿ ಮಣಿಯಾದರೆ ನೈಲಾನ್ ಇಲ್ಲವೇ ಪಾಲಿಯೆಸ್ಟರ್. ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಪುಡಿಯಾದರೆ ರೇಷ್ಮೆ. ರೇಷ್ಮೆಯಾದರೆ ಡ್ರೈಕ್ಲೀನ್‌ಗೆ ಕೊಡಿ. ಹರಳುಗಳನ್ನು ಅಂಟಿನಿಂದ ಕೂರಿಸಿದ್ದರೆ ಅವರಿಗೆ ಮೊದಲೇ ಹೇಳಿ, ಅಲ್ಲಿ ಬಳಸುವ ದ್ರಾವಣಕ್ಕೆ ಅಂಟು ಬಿಡುವುದುಂಟು.

ಪ್ರತಿ ಸಲ ಉಟ್ಟ ಮೇಲೆ ಒಗೆಯಬೇಕಿಲ್ಲ. ಕಾರ್ಯ ಮುಗಿಸಿ ಬಂದ ಮೇಲೆ ಒಳಮಗ್ಗುಲು ಹೊರಗೆ ಮಾಡಿ, ಫ್ಯಾನ್ ಕೆಳಗೆ ಒಂದು ರಾತ್ರಿ ಬಿಟ್ಟರೆ ಎಷ್ಟೋ ಸಲ ಅಷ್ಟೇ ಸಾಕು. ಕಲೆ ಇದ್ದರೆ ಅಷ್ಟು ಜಾಗ ಮಾತ್ರ ನೋಡಿಕೊಳ್ಳಿ. ಕುಂಕುಮ ಬಿದ್ದಿದ್ದರೆ ನೀರು ಮುಟ್ಟಿಸುವ ಮುಂಚೆ ಕೊಡವಿ. ಗಿರ್ಮಿಟ್, ಮಿರ್ಚಿ ತಿಂದ ಕೈ ಒರೆಸಿದ್ದಾರೆಯೇ? ಎಣ್ಣೆ ಕಲೆಯ ಮೇಲೆ ಟಾಲ್ಕಂ ಪೌಡರ್ ಉದುರಿಸಿ, ಒಂದು ತಾಸು ಬಿಟ್ಟು ಕೊಡವಿ. ಆಮೇಲೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಹಾಕಿ, ಹಿಂದಿನಿಂದ ಬೆರಳಲ್ಲಿ ಒತ್ತಿ. ಎರೆಮಣ್ಣು ಪೂರ್ತಿ ಒಣಗಲಿ, ಆಮೇಲೆ ಮೆತ್ತನೆ ಬ್ರಷ್. ಹಸಿ ಇರುವಾಗ ಉಜ್ಜಿದರೆ ಮಸಿ ಹಚ್ಚಿದ ಹಾಗೆ ಹರಡುತ್ತದೆ.

ಪೂರ್ತಿ ಒಗೆಯಲೇಬೇಕಾದರೆ ನಲ್ಲಿಗೆ ಮಲಪ್ರಭೆ ನೀರು ಬಂದ ದಿನ ಒಗೆಯಿರಿ. ಬೋರಿನ ಗಡಸು ನೀರಿಗೆ ಸಾಬೂನು ಸೇರಿದರೆ ನೆಟ್ಟಿನ ಕಣ್ಣುಗಳಲ್ಲಿ ಬಿಳಿ ಪುಡಿ ಕೂರುತ್ತದೆ. ಬೋರ್ ನೀರೇ ಗತಿ ಎಂದರೆ ಬಿಲ್ಲೆ ಸಾಬೂನು ಬಿಟ್ಟು ಲಿಕ್ವಿಡ್ ಬಳಸಿ. ನೀರು ತಣ್ಣಗಿರಲಿ. ಬಿಸಿನೀರಿಗೆ ಹಾರ್ಡ್ ನೆಟ್ಟಿನ ಬಿಗಿ ಹೋಗುತ್ತದೆ, ಮತ್ತೆ ಮೊದಲಿನಂತೆ ನಿಲ್ಲುವುದಿಲ್ಲ. ಬ್ಲೀಚಂತೂ ಬೇಡವೇ ಬೇಡ, ಬಿಳಿ ನೈಲಾನ್ ಹಳದಿಯಾಗುತ್ತದೆ. ಹುಕ್ಕು, ಜಿಪ್ಪು ಮೊದಲೇ ಹಾಕಿಬಿಡಿ. ದೊಡ್ಡ ಟಬ್ಬಿನಲ್ಲಿ ಹತ್ತು ನಿಮಿಷ ಅದ್ದಿ, ಅಂಗೈಯಲ್ಲಿ ಮೆಲ್ಲಗೆ ಒತ್ತಿ.

ಈಗ ಮುಖ್ಯ ಮಾತು. ನನ್ನ ಹತ್ತಿರ ಬಂದ ಹರಿದ ಫ್ರಾಕುಗಳಲ್ಲಿ ಹೆಚ್ಚಿನವು ಹರಿದದ್ದು ನೀರಿನಿಂದ ಮೇಲೆತ್ತುವಾಗ. ಹತ್ತು ಪದರದ ನೆರಿಗೆ, ಕೆಳಗೆ ಅಸ್ತರು, ಎಲ್ಲವೂ ನೀರು ಕುಡಿದಿರುತ್ತವೆ. ಭುಜ ಹಿಡಿದು ಎತ್ತಿದರೆ ಆ ಭಾರವೆಲ್ಲ ಸೊಂಟದ ಹೊಲಿಗೆಯಲ್ಲಿರುವ ನೆಟ್ಟಿನ ಮೇಲೆ. ಮೊದಲು ಟಬ್ಬಿನ ನೀರು ಚೆಲ್ಲಿ. ಆಮೇಲೆ ಎರಡೂ ಕೈ ಕೆಳಗೆ ಹಾಕಿ, ಮಲಗಿದ ಕೂಸನ್ನು ಎತ್ತುವ ಹಾಗೆ ಎತ್ತಿ. ಹಿಂಡಬೇಡಿ. ಟವೆಲ್ ಮೇಲೆ ಹಾಸಿ, ಸುರುಳಿ ಸುತ್ತಿ ಒತ್ತಿದರೆ ನೀರು ಹೋಗುತ್ತದೆ. ಹೊರಸಿನ ಮೇಲೆ ಬಿಳಿ ಪಂಚೆ ಹಾಸಿ, ನೆರಳಲ್ಲಿ ಒಣಗಿಸಿ. ಬಿಸಿಲಿಗೂ ನೈಲಾನ್ ಹಳದಿಯಾಗುತ್ತದೆ.

ಇಸ್ತ್ರಿ ವಿಷಯದಲ್ಲಿ ನಾನೇ ಪೆಟ್ಟು ತಿಂದಿದ್ದೇನೆ. ಮಗಳ ಮೂರನೇ ಹುಟ್ಟುಹಬ್ಬದ ಬೆಳಿಗ್ಗೆ, ಅವಳ ಗುಲಾಬಿ ಫ್ರಾಕಿನಲ್ಲಿ ರೂಪಾಯಿ ಅಗಲದ ತೂತು. ಇಸ್ತ್ರಿಪೆಟ್ಟಿಗೆ ಇಟ್ಟದ್ದು ಒಂದೇ ಕ್ಷಣ. ಅವಳು ಅಳಲಿಲ್ಲ, ಬೆರಳು ತೂರಿಸಿ ನೋಡಿದಳು. ನನಗೇ ತಡೆಯಲಾಗಲಿಲ್ಲ. ಈಗ ಇಸ್ತ್ರಿಯನ್ನು ಒಂದು ಚುಕ್ಕೆಯ ಗುರುತಿಗೆ ಇಟ್ಟು, ಮೇಲೆ ಹತ್ತಿ ಬಟ್ಟೆ ಹಾಸಿ, ನಿಲ್ಲಿಸದೆ ಸರಿಸುತ್ತೇನೆ. ಸಾಫ್ಟ್ ನೆಟ್ಟಿಗೆ ಅದೂ ಬೇಕಿಲ್ಲ. ಸ್ನಾನದ ಮನೆಯಲ್ಲಿ ಬಿಸಿನೀರಿನ ಹಬೆ ತುಂಬಿದಾಗ ಹ್ಯಾಂಗರಿಗೆ ಹಾಕಿ ಕಾಲು ತಾಸು ಬಿಡಿ, ಸುಕ್ಕು ತಾನಾಗಿ ಬಿಡುತ್ತದೆ.

ಎತ್ತಿಡುವಾಗ ಪ್ಲಾಸ್ಟಿಕ್ ಚೀಲ ಬೇಡ, ಮಳೆಗಾಲದಲ್ಲಿ ಒಳಗೇ ಮುಗ್ಗಲು ಬರುತ್ತದೆ. ಹಳೆಯ ಹತ್ತಿ ಸೀರೆಯಲ್ಲಿ ಸುತ್ತಿ. ಮಣಿ ಕೆಲಸ ಇದ್ದರೆ ತೂಗುಹಾಕದೆ ಮಲಗಿಸಿಡಿ. ಸಣ್ಣ ತೂತು ಬಿದ್ದರೂ ಎಸೆಯಬೇಡಿ. ನೆಟ್ಟಿನ ಅಂಚಿಗೆ ಸಾಮಾನ್ಯವಾಗಿ ನೂಲು ಬಿಡುವುದಿಲ್ಲ, ತೂತು ತಾನಾಗಿ ಬೆಳೆಯುವುದಿಲ್ಲ. ಮೇಲೆ ಒಂದು ಲೇಸಿನ ಹೂವು ಇಟ್ಟು, ಅದೇ ಬಣ್ಣದ ಒಂಟಿ ಎಳೆಯಲ್ಲಿ ನಾಲ್ಕು ಹೊಲಿಗೆ ಹಾಕಿ. ಮಗಳ ಗುಲಾಬಿ ಫ್ರಾಕಿಗೂ ಅಂದು ಅದನ್ನೇ ಮಾಡಿದೆ. ಅದನ್ನೇ ತೊಟ್ಟುಕೊಂಡು ಕೇಕ್ ಕತ್ತರಿಸಿದಳು.