ಸುರಂಗದ ನೀರಲ್ಲಿ ಬೈಕಿನ ಬ್ಯಾಟರಿ ತಣಿಸಿದ್ದು: ನನ್ನ ಅನುಭವ

ಹೋದ ಏಪ್ರಿಲಿನಿಂದ ನನ್ನ ಎಲೆಕ್ಟ್ರಿಕ್ ಬೈಕು ಮಧ್ಯಾಹ್ನದ ಉರಿಬಿಸಿಲಲ್ಲೂ 20ರಿಂದ 80 ಪರ್ಸೆಂಟಿಗೆ ಮುಕ್ಕಾಲು ಗಂಟೆಯೊಳಗೆ ಚಾರ್ಜ್ ಆಗುತ್ತಿದೆ. ಅದೂ ಮನೆಯ 16 ಆಂಪ್ ಪ್ಲಗ್ಗಿನಲ್ಲಿ. ಆಗುವುದೇ ಇಲ್ಲ ಅಂದವರು ತುಂಬಾ ಜನ ಇದ್ದರು, ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಮನೆ ಪೆರ್ಲದ ಹತ್ತಿರ. ಕಾಸರಗೋಡಿಗೆ ಹೋಗಿ ಬಂದರೆ ಅರವತ್ತು ಕಿಲೋಮೀಟರ್ ಆಸುಪಾಸು, ದಾರಿಯುದ್ದಕ್ಕೂ ಏರು ತಗ್ಗು. ಕಂಪನಿಯ ಬ್ಯಾಟರಿ ಪ್ಯಾಕು ಸತ್ತ ಮೇಲೆ ನಾನೇ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಪ್ಯಾಕು ಕಟ್ಟಿದೆ. 50 ಆಂಪಿಯರ್ ಅವರ್‌ನ 20 ಸೆಲ್ಲು ಸೀರೀಸ್‌ನಲ್ಲಿ, 64 ವೋಲ್ಟು, ಲೆಕ್ಕಕ್ಕೆ 3.2 ಯೂನಿಟ್ ಕರೆಂಟು ಹಿಡಿಯುತ್ತದೆ. 25 ಆಂಪಿನ ಎರಡು ಚಾರ್ಜರ್ ಪ್ಯಾರಲಲ್. ಮನೆಯ ಪ್ಲಗ್ಗಿನಿಂದ ಇದಕ್ಕಿಂತ ಜಾಸ್ತಿ ಎಳೆಯಲು ಆಗುವುದಿಲ್ಲ.

ಮೊದಲು ದುಡ್ಡು ಹೋದದ್ದು ಸೆಕೆಂಡ್ ಹ್ಯಾಂಡ್ ಸೆಲ್ಲಿಗೆ. ಹದಿನೆಂಟು ಸಾವಿರ ಕೊಟ್ಟು ತಂದೆ, ಮೂರು ತಿಂಗಳಲ್ಲಿ ಆರು ಸೆಲ್ಲು ಉಬ್ಬಿದವು. ಆಮೇಲೆ ಪ್ಲಗ್ ಟಾಪ್ ಕರಗಿತು. ಸಾಕೆಟ್ಟಿನ ಒಂದು ತೂತಿನ ಸುತ್ತ ಸುಟ್ಟ ಬೆಲ್ಲದ ಬಣ್ಣ, ಕೋಣೆ ತುಂಬ ಪ್ಲಾಸ್ಟಿಕ್ ಸುಟ್ಟ ವಾಸನೆ. ಗೋಡೆಯೊಳಗಿನ ವಯರು 1.5 ಸ್ಕ್ವೇರ್ (ಚದರ ಮಿಲಿಮೀಟರ್) ಇತ್ತು, ಇಷ್ಟು ಕರೆಂಟಿಗೆ ತೀರಾ ಸಪೂರ. ಕಿತ್ತು 4 ಸ್ಕ್ವೇರ್ ಎಳೆದೆ, ಬೋರ್ಡಿನಿಂದ ನೇರ ಲೈನು.

ಇಷ್ಟಾದರೂ ಒಂದು ಕಾಟ ಉಳಿಯಿತು. ರಾತ್ರಿ ಚೆಂದ ಚಾರ್ಜ್ ಆಗುತ್ತಿತ್ತು, ಮಧ್ಯಾಹ್ನ ಪೇಟೆಯಿಂದ ಬಂದು ಸಿಕ್ಕಿಸಿದರೆ ಕಟ್. ಚಾರ್ಜರೇ ಹಾಳು ಅಂದುಕೊಂಡು ಹದಿಮೂರು ಸಾವಿರದ ಇನ್ನೊಂದು ತಂದೆ, ಅದೂ ಹಾಗೆಯೇ. ಕೊನೆಗೆ ಸೆಲ್ಲುಗಳ ನಡುವೆ ಸೆನ್ಸರ್ ತುರುಕಿ ನೋಡಿದೆ. ಬದಿಯಡ್ಕ ದಾಟಿ ಏರು ಹತ್ತಿ ಮನೆಗೆ ಬರುವಾಗಲೇ 48 ಡಿಗ್ರಿ. ನನ್ನ ಸೆಲ್ಲಿಗೆ 45ರ ಮೇಲೆ ಚಾರ್ಜ್ ಕೊಡಬಾರದು, ಬಿಎಂಎಸ್ (ಪ್ಯಾಕನ್ನು ಕಾಯುವ ಸರ್ಕ್ಯೂಟು) ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿತ್ತು. ಮಳೆಗೆ ಅಂತ ಪೂರ್ತಿ ಸೀಲ್ ಮಾಡಿದ ಪೆಟ್ಟಿಗೆ, ಬಿಸಿ ಹೋಗುವುದಾದರೂ ಎಲ್ಲಿಗೆ? ಒಂದೂವರೆ ಗಂಟೆ ಕಾದರೆ ಮಾತ್ರ ಇಳಿಯುತ್ತಿತ್ತು. ಅಂದರೆ ನನಗೆ ಬೇಕಾಗಿದ್ದದ್ದು ದೊಡ್ಡ ಚಾರ್ಜರ್ ಅಲ್ಲ, ಬೇಗ ತಣಿಯುವ ಪ್ಯಾಕು. ಆಂಪ್ ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟು ಅಂತ ನಮಗೆಲ್ಲ ಗೊತ್ತು, ಆದರೆ ಚಾರ್ಜ್ ಶುರುವಾಗುವ ಮೊದಲೇ ಎಷ್ಟು ಬಿಸಿ ಇದೆ ಅಂತ ಯಾರೂ ನೋಡುವುದಿಲ್ಲ.

ಫ್ಯಾನು ಇಟ್ಟು ನೋಡಿದೆ, ಒದ್ದೆ ಗೋಣಿ ಹೊದೆಸಿದೆ, ಒಂದು ದಿನ ಐಸ್ ತಂದು ಪೆಟ್ಟಿಗೆಗೆ ಒತ್ತಿ ಕಟ್ಟಿದೆ. ಹೊರಗಡೆ ತಣ್ಣಗಾಯಿತು, ನಡುವಿನ ಸೆಲ್ಲು ಹಾಗೆಯೇ.  

ದಾರಿ ಸಿಕ್ಕಿದ್ದು ಬೆಂಗಳೂರಿನ ಎಕ್ಸ್‌ಪೊನೆಂಟ್ ಎನರ್ಜಿಯವರ ಕೆಲಸದಿಂದ. ಅವರು ಮೂರು ಚಕ್ರದ ಗಾಡಿಗಳನ್ನು 15 ನಿಮಿಷದಲ್ಲಿ ಚಾರ್ಜ್ ಮಾಡುವಾಗ ಚಾರ್ಜರಿನ ಕಡೆಯಿಂದಲೇ ಬ್ಯಾಟರಿಗೆ ತಣ್ಣೀರು ಹಾಯಿಸುತ್ತಾರೆ. ತಣಿಸುವ ಸಾಮಾನು ಗಾಡಿಯ ಮೇಲೆ ಇರಬೇಕಾಗಿಯೇ ಇಲ್ಲ! ನಮ್ಮಲ್ಲಿ ತಣ್ಣೀರಿಗೆ ಎಂತ ಬರ? ತೋಟದ ಮೇಲಿನ ಗುಡ್ಡದಲ್ಲಿ ಅಜ್ಜ ನೀರಿಗೆ ಅಂತ ಮುರಕಲ್ಲು ಕೊರೆಸಿದ ಸುರಂಗ ಇದೆ. ಪಂಪು ಬೇಡ, ಕರೆಂಟು ಬೇಡ, ನೀರು ತಾನಾಗಿ ಇಳಿದು ಬರುತ್ತದೆ.

ಪುತ್ತೂರಿನ ಗೆಳೆಯನಿಗೆ ಹೇಳಿದರೆ, "ಎಂತ ಮಾರಾಯ, ಬ್ಯಾಟರಿಗೆ ನೀರು ಬಿಡುವುದಾ? ಮನೆಗೆ ಬೆಂಕಿ ಬಿದ್ದೀತು" ಅಂದ. ಆದರೂ ದಪ್ಪ ಅಲ್ಯೂಮಿನಿಯಂ ತಟ್ಟೆಯಲ್ಲಿ ಸಣ್ಣ ತೋಡು ಕೊರೆಸಿ, ಎ.ಸಿ. ಮೆಕ್ಯಾನಿಕ್ಕಿನಿಂದ ತಾಮ್ರದ ಪೈಪು ಬಗ್ಗಿಸಿ ಕೂರಿಸಿ, ಅದರ ಮೇಲೆ ಸೆಲ್ಲು ನಿಲ್ಲಿಸಿದೆ. ಇಲ್ಲಿ ಒಂದು ದೊಡ್ಡ ತಪ್ಪು ಮಾಡಿದೆ. ಸೆಲ್ಲಿಗೂ ತಟ್ಟೆಗೂ ನಡುವೆ ಬರೀ ಬಿಸಿ ದಾಟಿಸುವ ಪೇಸ್ಟ್ ಹಚ್ಚಿದ್ದೆ. ಈ ಸೆಲ್ಲಿನ ಅಲ್ಯೂಮಿನಿಯಂ ಮೈಗೂ ಕರೆಂಟು ಇರುತ್ತದೆ ಅಲ್ವಾ, ನೀಲಿ ಹೊದಿಕೆ ಎರಡು ಕಡೆ ಗೀರಿತ್ತು. ಚಟ್ ಅಂತ ಕಿಡಿ ಹಾರಿ ತಟ್ಟೆಯಲ್ಲಿ ಕಡಲೆಕಾಳಿನಷ್ಟು ಗುಳಿ ಬಿತ್ತು. ಎರಡು ಸೆಲ್ಲು, ಸುಮಾರು ನಾಲ್ಕೂವರೆ ಸಾವಿರ ಹೋಯಿತು. ಈಗ ಇನ್ಸುಲೇಷನ್ ಇರುವ ಥರ್ಮಲ್ ಪ್ಯಾಡ್ ಹಾಕಿದ್ದೇನೆ. ಮೀಟರಿನಲ್ಲಿ ಪ್ರತಿ ಸೆಲ್ಲಿನಿಂದ ತಟ್ಟೆಗೆ ಚೆಕ್ ಮಾಡದೆ ಬಸ್‌ಬಾರ್ (ಸೆಲ್ಲುಗಳನ್ನು ಜೋಡಿಸುವ ಲೋಹದ ಪಟ್ಟಿ) ಮುಟ್ಟುವುದೇ ಇಲ್ಲ.

ಮೇ ಕೊನೆಯಲ್ಲಿ ಮೋಡ ಕಟ್ಟಿ ಸೆಕೆಯಾದಾಗ ತಟ್ಟೆ ಬೆವರಲು ಶುರು. ಅದಕ್ಕೊಂದು ಉಪಾಯ ಮಾಡಿದ್ದೇನೆ, ಹಾಗೆಯೇ ಪೈಪು ತೆಗೆಯುವಾಗ ಒಂದು ಹನಿಯೂ ಬೀಳದ ಜಾಯಿಂಟು ಒಂದು ಇದೆ. ಅವೆರಡನ್ನು ಸದ್ಯಕ್ಕೆ ಇಲ್ಲಿ ಬರೆಯುವುದಿಲ್ಲ.

ಈಗ ಬೈಕು ನಿಲ್ಲಿಸಿ ಪೈಪು ಸಿಕ್ಕಿಸಿದರೆ ಮೂರ್ನಾಲ್ಕು ನಿಮಿಷದಲ್ಲಿ 45ರ ಕೆಳಗೆ ಬಂದು ಚಾರ್ಜ್ ಹಿಡಿಯುತ್ತದೆ. ಇಪ್ಪತ್ತು ನಿಮಿಷದ ಹೊತ್ತಿಗೆ 38. ನೀರು ಹಾಳಾಗುವುದಿಲ್ಲ, ಸೀದಾ ಅಡಿಕೆ ಬುಡಕ್ಕೆ ಹೋಗುತ್ತದೆ. ಹಾಳಾದದ್ದೂ ಸೇರಿ ಒಟ್ಟು ಖರ್ಚು ಒಂದು ಲಕ್ಷದ ಮೇಲೆ ಸ್ವಲ್ಪ. ಮೊನ್ನೆ ಪೂರ್ತಿ ಖಾಲಿ ಮಾಡಿ ಅಳೆದೆ, 50ರಲ್ಲಿ 48 ಆಂಪಿಯರ್ ಅವರ್ ಇನ್ನೂ ಇದೆ. ಪುತ್ತೂರಿನ ಗೆಳೆಯ ಹೋದ ಭಾನುವಾರ ತನ್ನ ಪ್ಯಾಕಿನ ಅಳತೆ ಬರೆದು ತಂದಿದ್ದ. ಅವನ ತಟ್ಟೆ ಈಗ ವರ್ಕ್‌ಶಾಪಿನಲ್ಲಿದೆ.