ಪ್ರೇರಿ ಡಾಗ್ ಬೇಟೆಗೆ ಕೋವಿ ಕಟ್ಟಿಸುವುದು ಹೇಗೆ: ತೋಟಾದಿಂದ ಸ್ಕೋಪಿನವರೆಗೆ

ಅಮೆರಿಕದ ದಕ್ಷಿಣ ಡಕೋಟಾ, ಮೊಂಟಾನಾ, ವಯೋಮಿಂಗ್ ಕಡೆಯ ರ‍್ಯಾಂಚ್ ಮಾಲೀಕರಿಗೆ ಪ್ರೇರಿ ಡಾಗ್ ದೊಡ್ಡ ಕಾಟ. ಹೆಸರಲ್ಲಿ ಡಾಗ್ ಇದ್ದರೂ ಇದು ಅಳಿಲಿನ ಬಳಗದ ಪ್ರಾಣಿ. ಬಯಲ ತುಂಬ ಬಿಲ ತೋಡಿ, ದನ ಮೇಯುವ ಹುಲ್ಲನ್ನು ಬುಡಮಟ್ಟ ಕತ್ತರಿಸಿ ಹಾಕುತ್ತದೆ. ಇಂಥ ಉಪದ್ರವಿ ಪ್ರಾಣಿಗಳನ್ನು ಅಲ್ಲಿ ವಾರ್ಮಿಂಟ್ ಎನ್ನುತ್ತಾರೆ. ಅವುಗಳ ಬೇಟೆಗೆಂದೇ ಬಿಡಿಭಾಗಗಳನ್ನು ಆರಿಸಿ ರೈಫಲ್ ಕಟ್ಟಿಸುವ ರೂಢಿ ಹಳೆಯದು. ಹಾಗೆ ಕಟ್ಟಿಸುವವರಲ್ಲಿ ಹೆಚ್ಚಿನವರು ಮೊದಲು ಅತಿ ವೇಗದ ತೋಟಾ ಯಾವುದೆಂದು ಹುಡುಕುತ್ತಾರೆ, ಮಿಕ್ಕಿದ್ದನ್ನು ಅದಕ್ಕೆ ಹೊಂದಿಸುತ್ತಾರೆ. ದುಡ್ಡು ಹಾಳಾಗುವುದು ಅಲ್ಲೇ. ಎಷ್ಟು ದೂರಕ್ಕೆ ಹೊಡೆಯುತ್ತೀರಿ, ದಿನಕ್ಕೆ ಎಷ್ಟು ಈಡು ಹಾರಿಸುತ್ತೀರಿ, ಕೋವಿ ಹೊತ್ತು ನಡೆಯುತ್ತೀರೋ ಇಲ್ಲ ಬೆಂಚಿನ ಮೇಲಿಟ್ಟು ಕೂರುತ್ತೀರೋ ಎಂಬುದು ಮೊದಲು ತೀರ್ಮಾನವಾಗಬೇಕು. ತೋಟಾ ಆಮೇಲೆ.

ಮೊದಲು ಗುರಿಯ ಅಳತೆ

ಬಿಲದ ಬಾಯಲ್ಲಿ ನೆಟ್ಟಗೆ ನಿಂತ ಪ್ರೇರಿ ಡಾಗ್ ಹತ್ತು-ಹನ್ನೆರಡು ಇಂಚು ಎತ್ತರ, ಹೆಚ್ಚೆಂದರೆ ಮೂರು ಇಂಚು ಅಗಲ. ಕೋವಿಯ ನಿಖರತೆಯನ್ನು ಎಂಒಎ (ಮಿನಿಟ್ ಆಫ್ ಆ್ಯಂಗಲ್) ಎಂಬ ಕೋನದ ಅಳತೆಯಲ್ಲಿ ಹೇಳುತ್ತಾರೆ; ಒಂದು ಎಂಒಎ ಎಂದರೆ 100 ಗಜಕ್ಕೆ 1.047 ಇಂಚು, 300 ಗಜಕ್ಕೆ 3.14 ಇಂಚು. ನಿಮ್ಮ ಕೋವಿ ಐದು ಗುಂಡನ್ನು ಒಂದು ಎಂಒಎ ಒಳಗೆ ಕೂರಿಸಿದರೂ 300 ಗಜದಲ್ಲಿ ಆ ಹರವು ಪ್ರಾಣಿಯ ಮೈಯಗಲವನ್ನೆಲ್ಲ ನುಂಗಿಬಿಡುತ್ತದೆ. ಗಾಳಿ ತಿಳಿಯುವುದರಲ್ಲಿ ಆಗುವ ಸಣ್ಣ ತಪ್ಪಿಗೂ ಜಾಗ ಉಳಿಯುವುದಿಲ್ಲ. ಜಿಂಕೆ ಬೇಟೆಗೆ ಒಂದು ಎಂಒಎ ಧಾರಾಳ ಸಾಕು, ಇಲ್ಲಿ ಅರ್ಧ ಎಂಒಎ ಬೇಕು. ಭಾರದ ನಳಿಗೆ, ಒಳ್ಳೆಯ ಟ್ರಿಗರ್, ಹೆಚ್ಚು ವರ್ಧನೆಯ ಸ್ಕೋಪು (ಗುರಿ ನೋಡುವ ದುರ್ಬೀನು) ಎಲ್ಲವೂ ಈ ಒಂದು ಲೆಕ್ಕದಿಂದ ಬಂದದ್ದು.

ತೋಟಾ ಆಯ್ಕೆ

ಪ್ರೇರಿ ಡಾಗ್‌ಗಳು ಗುಂಪಾಗಿ ಬಿಲ ತೋಡಿದ ನೆಲೆಯ ಅಂಚಿನಲ್ಲಿ ಕೂತರೆ ಒಂದೇ ದಿನಕ್ಕೆ ಇನ್ನೂರು, ಮುನ್ನೂರು ಈಡು ಹೋಗುತ್ತದೆ. ಇಂಥ ಕಡೆ ನಿರ್ಣಾಯಕವಾಗುವುದು ನಳಿಗೆಗೆ ಏರುವ ಕಾವು. .223 ರೆಮಿಂಗ್ಟನ್ ತೋಟಾದಲ್ಲಿ ಸುಮಾರು 25 ಗ್ರೇನ್ (ಒಂದು ಗ್ರೇನ್ ಸುಮಾರು 0.065 ಗ್ರಾಂ) ಮದ್ದು ಉರಿಯುತ್ತದೆ; .22-250 ರೆಮಿಂಗ್ಟನ್‌ನಲ್ಲಿ 35ಕ್ಕೂ ಹೆಚ್ಚು. ಎರಡರ ಗುಂಡಿನ ವ್ಯಾಸ ಒಂದೇ, 0.224 ಇಂಚು. ಅಷ್ಟೇ ಕಿರಿದಾದ ತೂತಿನಲ್ಲಿ ಹೆಚ್ಚು ಬೆಂಕಿ ನುಗ್ಗಿದರೆ ತೋಟಾ ಕೂರುವ ಗೂಡಿನ, ಅಂದರೆ ಚೇಂಬರಿನ, ಮುಂದಿನ ಗಂಟಲು ಬೇಗ ಸವೆಯುತ್ತದೆ. .223 ನಳಿಗೆ ಐದು ಸಾವಿರ ಈಡಿನ ಆಸುಪಾಸಿಗೂ ಚೆನ್ನಾಗಿ ಬಾಳಬಲ್ಲದು. .22-250ಯನ್ನು ಬಿಸಿ ಆರಲು ಬಿಡದೆ ಹಾರಿಸಿದರೆ ಅದರರ್ಧಕ್ಕೇ ಗುರಿ ಕೆಡುತ್ತದೆ. 1935ರಲ್ಲಿ ಬಂದ .220 ಸ್ವಿಫ್ಟ್‌ಗೆ ನಳಿಗೆ ತಿನ್ನುವುದೆಂಬ ಕೆಟ್ಟ ಹೆಸರು ಅಂಟಿದ್ದೂ ಇದೇ ಕಾರಣಕ್ಕೆ.

ವೇಗದ ಲಾಭ ಇಲ್ಲವೆಂದಲ್ಲ. 200 ಗಜಕ್ಕೆ ಗುರಿ ಹೊಂದಿಸಿಕೊಂಡರೆ, ಸೆಕೆಂಡಿಗೆ 3,240 ಅಡಿ ವೇಗದಲ್ಲಿ ಹೊರಡುವ .223ರ 55 ಗ್ರೇನ್ ಗುಂಡು 300 ಗಜದಲ್ಲಿ ಏಳು ಇಂಚಿನಷ್ಟು ಕೆಳಗಿಳಿಯುತ್ತದೆ; .22-250ಯಲ್ಲಿ ಅದು ಐದು ಇಂಚಿನ ಆಸುಪಾಸು. ಗಂಟೆಗೆ ಹತ್ತು ಮೈಲಿಯ ಅಡ್ಡಗಾಳಿಗೆ ಅಷ್ಟೇ ದೂರದಲ್ಲಿ ಮೊದಲನೆಯದು ಹತ್ತು-ಹನ್ನೊಂದು ಇಂಚು, ಎರಡನೆಯದು ಒಂಬತ್ತು ಇಂಚಿನಷ್ಟು ಸರಿಯುತ್ತದೆ. ಯಾವುದನ್ನು ಕೊಂಡರೂ ಗಾಳಿ ಓದುವುದು ತಪ್ಪುವುದಿಲ್ಲ.

ನಡುವಿನ ದಾರಿ ಬೇಕಾದವರಿಗೆ 2004ರಲ್ಲಿ ಬಂದ .204 ರೂಗರ್ ಇದೆ. 32 ಗ್ರೇನ್ ಗುಂಡು ಸೆಕೆಂಡಿಗೆ 4,225 ಅಡಿಯಲ್ಲಿ ಹೊರಡುತ್ತದೆ, ಒದೆತ ಬಲು ಕಡಿಮೆ. ಒದೆತ ಕಡಿಮೆಯಾದರೆ ಗುಂಡು ಬಿದ್ದ ಜಾಗ ಸ್ಕೋಪಿನಲ್ಲೇ ಕಾಣುತ್ತದೆ, ಮುಂದಿನ ಈಡನ್ನು ತಿದ್ದಿಕೊಳ್ಳಬಹುದು. ಈ ಬೇಟೆಯಲ್ಲಿ ಅದು ನೂರಡಿ ಹೆಚ್ಚಿನ ವೇಗಕ್ಕಿಂತ ದೊಡ್ಡ ಅನುಕೂಲ. ಆದರೆ ಇದರ ತೋಟಾ .223ರ ಹಾಗೆ ಎಲ್ಲ ಅಂಗಡಿಯಲ್ಲೂ ಸಿಗುವುದಿಲ್ಲ, ಅಷ್ಟು ಅಗ್ಗವೂ ಅಲ್ಲ. 150 ಗಜದೊಳಗೇ ಆಟವಾದರೆ 2002ರ .17 ಎಚ್‌ಎಂಆರ್ ಸಾಕು. 17 ಗ್ರೇನಿನ ಆ ಗುಂಡು ಗಾಳಿಗೆ ಬೇಗ ವಾಲುತ್ತದೆ. ತೋಳದ ಬಳಗದ ಕಯೋಟಿಯ ಬೇಟೆಯ ಲೆಕ್ಕವೇ ಬೇರೆ: ದಿನಕ್ಕೆ ನಾಲ್ಕಾರು ಈಡು, ಹೆಚ್ಚು ನಡಿಗೆ, ದೊಡ್ಡ ಮೈ. ಅಲ್ಲಿ .22-250 ಅಥವಾ .243 ವಿಂಚೆಸ್ಟರ್ ತಕ್ಕದ್ದು.

ಮೊದಲ ಕೋವಿಗೆ .223 ಬಿಟ್ಟು ಬೇರೆ ಯೋಚಿಸಬೇಡಿ.

ನಳಿಗೆಯ ತಿರುವು

ನಳಿಗೆಯೊಳಗಿನ ಸುರುಳಿ ಗೆರೆ ಎಷ್ಟು ಇಂಚಿಗೆ ಒಂದು ಸುತ್ತು ಮುಗಿಸುತ್ತದೆ ಎಂಬುದೇ ಟ್ವಿಸ್ಟ್. ಇದನ್ನು ನಿರ್ಧರಿಸುವುದು ಗುಂಡಿನ ತೂಕಕ್ಕಿಂತ ಹೆಚ್ಚಾಗಿ ಅದರ ಉದ್ದ. ಉದ್ದದ ಗುಂಡಿಗೆ ಬಿರುಸಾದ ತಿರುವು ಬೇಕು. 1955ರಲ್ಲಿ ಇದರ ಪಾಠ ಬಹಿರಂಗವಾಗಿಯೇ ಆಯಿತು. ಆ ವರ್ಷ ಬಂದ .244 ರೆಮಿಂಗ್ಟನ್‌ಗೆ 12 ಇಂಚಿಗೊಂದು ಸುತ್ತು, ಅದೇ ವ್ಯಾಸದ .243 ವಿಂಚೆಸ್ಟರ್‌ಗೆ 10 ಇಂಚಿಗೊಂದು. ಜಿಂಕೆಗೆ ಬಳಸುವ 100 ಗ್ರೇನ್ ಗುಂಡು .244ರಲ್ಲಿ ಸರಿಯಾಗಿ ನಿಲ್ಲಲಿಲ್ಲ, ಮಾರುಕಟ್ಟೆ .243ರ ಪಾಲಾಯಿತು. ಕೊನೆಗೆ ರೆಮಿಂಗ್ಟನ್ ತಿರುವು ಬಿರುಸು ಮಾಡಿ, ಅದೇ ತೋಟಾಕ್ಕೆ 6 ಎಂಎಂ ರೆಮಿಂಗ್ಟನ್ ಎಂದು ಹೆಸರು ಬದಲಿಸಿತು.

ವಾರ್ಮಿಂಟ್ ಗುಂಡಿಗೆ ಇದರ ಎದುರು ಅಪಾಯವೂ ಉಂಟು. ನೆಲಕ್ಕೆ ತಾಗಿದ ಕೂಡಲೇ ಪುಡಿಯಾಗಿ, ಪುಟಿದು ಹಾರದಿರಲೆಂದು ಇವುಗಳ ತಾಮ್ರದ ಕವಚವನ್ನು ತೆಳ್ಳಗೆ ಮಾಡಿರುತ್ತಾರೆ. ವಿಪರೀತ ಸುತ್ತಿದರೆ ಅದು ಗಾಳಿಯಲ್ಲೇ ಒಡೆಯುತ್ತದೆ. ಲೆಕ್ಕ ಸುಲಭ: ವೇಗವನ್ನು 720ರಿಂದ ಗುಣಿಸಿ, ತಿರುವಿನ ಇಂಚಿನಿಂದ ಭಾಗಿಸಿದರೆ ನಿಮಿಷಕ್ಕೆ ಎಷ್ಟು ಸುತ್ತು ಎಂದು ಸಿಗುತ್ತದೆ. 3,800 ಅಡಿ ವೇಗದ .22-250 ಗುಂಡು 14 ಇಂಚಿನ ತಿರುವಿನಲ್ಲಿ ಸುಮಾರು 1,95,000 ಸುತ್ತು ತಿರುಗುತ್ತದೆ. 8 ಇಂಚಿನಲ್ಲಿ 3,42,000. ಮೂರು ಲಕ್ಷ ದಾಟಿದರೆ ತೆಳು ಕವಚದ ಗುಂಡಿನ ಬಗ್ಗೆ ಎಚ್ಚರ ಬೇಕು.

.223ರಲ್ಲಿ 40ರಿಂದ 55 ಗ್ರೇನ್ ಗುಂಡು ಮಾತ್ರ ಬಳಸುವುದಾದರೆ 12 ಇಂಚಿನ ತಿರುವು ಹೇಳಿ. ಭಾರದ ಗುಂಡೂ, ಸೀಸವಿಲ್ಲದ ಗುಂಡೂ ಬೇಕಾಗಬಹುದು ಎನಿಸಿದರೆ 9 ಇಂಚು. ಸೀಸಕ್ಕಿಂತ ತಾಮ್ರ ಹಗುರ, ಹಾಗಾಗಿ ಅದೇ ತೂಕದ ತಾಮ್ರದ ಗುಂಡು ಉದ್ದವಾಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈ 1ರಿಂದ ಎಲ್ಲ ಬಗೆಯ ಬೇಟೆಗೂ ಸೀಸರಹಿತ ಗುಂಡು ಕಡ್ಡಾಯ. ಕಾನೂನು ಇಲ್ಲದ ಕಡೆಯೂ ಇದನ್ನು ಗಂಭೀರವಾಗಿ ಯೋಚಿಸಬೇಕು: ಬಯಲಲ್ಲಿ ಬಿಟ್ಟ ಕಳೇಬರವನ್ನು ಹದ್ದು, ಗಿಡುಗ ತಿನ್ನುತ್ತವೆ, ಸೀಸದ ಚೂರು ಅವುಗಳ ಹೊಟ್ಟೆ ಸೇರುತ್ತದೆ.

ಆಕ್ಷನ್, ನಳಿಗೆ, ಚೇಂಬರ್

ಆಕ್ಷನ್ ಎಂದರೆ ತೋಟಾ ತುಂಬಿ ಹಾರಿಸುವ ಯಂತ್ರಭಾಗ; ಅದರೊಳಗೆ ಹಿಂದೆ ಮುಂದೆ ಸರಿದು ಚೇಂಬರನ್ನು ಮುಚ್ಚುವ ದಂಡವೇ ಬೋಲ್ಟ್. ಆಕ್ಷನ್ ಕೊಳ್ಳುವ ಮೊದಲು ಬೋಲ್ಟ್ ಮುಖದ ಅಳತೆ ಕೇಳಿ. .223 ಮತ್ತು .204 ತೋಟಾಗಳ ಹಿಂಬದಿಯ ವ್ಯಾಸ 0.378 ಇಂಚು; .22-250 ಮತ್ತು .243 ತೋಟಾಗಳದ್ದು 0.473. ಒಂದರ ಬೋಲ್ಟಿಗೆ ಇನ್ನೊಂದು ಕೂರುವುದಿಲ್ಲ. ಮುಂದೆ ನಳಿಗೆ ಬದಲಿಸುವ ಯೋಚನೆ ಇದ್ದರೆ ಆಯ್ಕೆ ಇಲ್ಲಿಗೇ ಕಟ್ಟುಬೀಳುತ್ತದೆ. ರೆಮಿಂಗ್ಟನ್ 700 ಮಾದರಿಯ ಶಾರ್ಟ್ ಆಕ್ಷನ್ (ಗಿಡ್ಡ ತೋಟಾಗಳ ಆಕ್ಷನ್) ಆರಿಸಿದರೆ ಅದಕ್ಕೆ ಹೊಂದುವ ಸ್ಟಾಕ್ (ಕೋವಿಯ ಹಿಡಿಕಟ್ಟು), ಟ್ರಿಗರ್, ಸ್ಕೋಪ್ ಪಟ್ಟಿ ಹೇರಳವಾಗಿ ಸಿಗುತ್ತವೆ.

ನಳಿಗೆ 24ರಿಂದ 26 ಇಂಚು ಉದ್ದ, 416ಆರ್ ಸ್ಟೇನ್‌ಲೆಸ್ ಉಕ್ಕು, ತುದಿಯಲ್ಲಿ 0.9 ಇಂಚಿನಷ್ಟು ದಪ್ಪ ಇರಲಿ. ದಪ್ಪ ನಳಿಗೆ ನಿಧಾನ ಕಾಯುತ್ತದೆ, ಆದರೆ ಆರುವುದೂ ನಿಧಾನ. ಮುಟ್ಟಿ ಹಿಡಿದುಕೊಳ್ಳಲು ಆಗದಷ್ಟು ಬಿಸಿಯಾದರೆ ಬೋಲ್ಟ್ ತೆರೆದಿಟ್ಟು ಎರಡನೇ ಕೋವಿಗೆ ಕೈ ಹಾಕಿ. ಸ್ಕೋಪು ಸೇರಿ ಕೋವಿ ಐದಾರು ಕಿಲೋ ತೂಗುತ್ತದೆ. ಬೆಂಚಿಗೆ ಅದು ವರ, ಕಯೋಟಿ ಹಿಂದೆ ಗುಡ್ಡ ಹತ್ತುವವರಿಗೆ ಶಿಕ್ಷೆ.

ಚೇಂಬರ್ ಕೊರೆಯುವುದು, ಹೆಡ್‌ಸ್ಪೇಸ್ (ಮುಚ್ಚಿದ ಬೋಲ್ಟಿಗೂ ಚೇಂಬರಿನಲ್ಲಿ ತೋಟಾ ತಡೆದು ನಿಲ್ಲುವ ಜಾಗಕ್ಕೂ ನಡುವಿನ ಅಂತರ) ಹೊಂದಿಸುವುದು ಅನುಭವಿ ಗನ್‌ಸ್ಮಿತ್ ಕೆಲಸ, ಮನೆಯಲ್ಲಿ ಕೈಹಾಕುವಂಥದ್ದಲ್ಲ. ನೀವು ಮಾಡಬೇಕಾದದ್ದು, ಬಳಸಲಿರುವ ಗುಂಡನ್ನು ಕೂರಿಸಿದ ಮದ್ದಿಲ್ಲದ ಡಮ್ಮಿ ತೋಟಾವನ್ನು ಅವರಿಗೆ ಕೊಡುವುದು. ಗಂಟಲಿನ ಉದ್ದವನ್ನು ಅವರು ಅದಕ್ಕೇ ಹೊಂದಿಸುತ್ತಾರೆ. ತೋಟಾದ ಒಟ್ಟು ಉದ್ದ ಮ್ಯಾಗಜೀನಿಗೆ ಹಿಡಿಯುತ್ತದೋ ಆಗಲೇ ನೋಡಿಕೊಳ್ಳಿ; .223ಕ್ಕೆ ಗೊತ್ತುಪಡಿಸಿದ ಗರಿಷ್ಠ ಉದ್ದ 2.260 ಇಂಚು. ಅಂಗಡಿ ತೋಟಾ ಬಳಸುವವರು ಕುತ್ತಿಗೆ ಬಿಗಿಯಾದ ಮ್ಯಾಚ್ ಚೇಂಬರ್ ಕೇಳಬಾರದು, ಎಲ್ಲ ತೋಟಾಗಳೂ ಅದರಲ್ಲಿ ಸಲೀಸಾಗಿ ಕೂರುವುದಿಲ್ಲ. .223 ಚೇಂಬರಿನಲ್ಲಿ ಸೇನೆಯ 5.56 ತೋಟಾ ಹಾರಿಸಲೇಬಾರದು. ನೋಡಲು ಎರಡೂ ಒಂದೇ ಥರ ಇದ್ದರೂ .223ರ ಗಂಟಲು ಗಿಡ್ಡ, ಒತ್ತಡ ಅಪಾಯದ ಮಟ್ಟಕ್ಕೆ ಏರಬಹುದು.

ಸ್ಟಾಕ್, ಟ್ರಿಗರ್, ಸ್ಕೋಪು

ಸ್ಟಾಕು ಅಲುಗಬಾರದು, ನಳಿಗೆಗೆ ತಾಗಬಾರದು. ಒಂದು ನೋಟನ್ನು ಮಡಚಿ ನಳಿಗೆ ಮತ್ತು ಸ್ಟಾಕಿನ ನಡುವೆ ತುದಿಯಿಂದ ಆಕ್ಷನ್‌ವರೆಗೆ ಎಳೆಯಿರಿ, ಎಲ್ಲೂ ಸಿಕ್ಕಿಕೊಳ್ಳಬಾರದು. ಮುಂಭಾಗವನ್ನು ಕೈಯಿಂದ ಅದುಮಿ ಹಿಡಿದು ಮತ್ತೆ ಎಳೆದು ನೋಡಿ, ಬೈಪಾಡ್ (ಕೋವಿಗೆ ಆಸರೆಯಾಗುವ ಎರಡು ಕಾಲು) ಮೇಲೆ ಭಾರ ಬಿಟ್ಟಾಗ ಆಗುವುದು ಅದೇ. ಆಕ್ಷನ್ ತಿರುಪುಗಳನ್ನು ಟಾರ್ಕ್ ವ್ರೆಂಚಿನಲ್ಲೇ ಬಿಗಿಯಿರಿ. ಅಲ್ಯುಮಿನಿಯಂ ಕಂಬ ಕೂರಿಸಿದ ಸ್ಟಾಕಿಗೆ ಸಾಮಾನ್ಯವಾಗಿ 60–65 ಇಂಚು-ಪೌಂಡ್. ಬರಿ ಮರಕ್ಕೆ ಅದಕ್ಕಿಂತ ಕಡಿಮೆ.

ಟ್ರಿಗರ್ ಒಂದೂವರೆಯಿಂದ ಎರಡು ಪೌಂಡಿಗೆ ಇರಲಿ. ಅದಕ್ಕಿಂತ ಹಗುರ ಮಾಡಿ ಚಳಿಗೆ ಗ್ಲೋವ್ಸ್ ಹಾಕಿಕೊಂಡು ಬೆರಳಿಟ್ಟರೆ ಈಡು ಹೇಳದೆ ಕೇಳದೆ ಹಾರುತ್ತದೆ. ಹೊಂದಿಸಿದ ಮೇಲೆ ಖಾಲಿ ಕೋವಿಯ ಬೋಲ್ಟನ್ನು ಜೋರಾಗಿ ಮುಚ್ಚಿ, ಹಿಂಬದಿಯನ್ನು ರಬ್ಬರ್ ಹಾಸಿಗೆ ಕುಟ್ಟಿ, ಟ್ರಿಗರ್ ತಾನಾಗಿ ಬೀಳುವುದಿಲ್ಲವೆಂದು ಖಚಿತ ಮಾಡಿಕೊಳ್ಳಿ.

ಸ್ಕೋಪಿನಲ್ಲಿ 4–16 ಅಥವಾ 6–24 ವರ್ಧನೆ ಸಾಕು. ಬಿಸಿಲೇರಿ ನೆಲ ಕಾದರೆ ಬಿಸಿಗಾಳಿಯ ಅಲೆಯಲ್ಲಿ 24 ಪಟ್ಟಿನ ಚಿತ್ರ ಕುದಿಯುವ ನೀರಿನ ಹಾಗೆ ನಡುಗುತ್ತದೆ, ಆಗ 12–14ಕ್ಕೆ ಇಳಿಸಲೇಬೇಕು. ಪ್ಯಾರಲಾಕ್ಸ್ (ಕಣ್ಣು ಸರಿದಾಗ ಕ್ರಾಸ್‌ಹೇರ್, ಅಂದರೆ ಗುರಿಗೆರೆ, ಗುರಿಯ ಮೇಲೆ ಸರಿದಂತೆ ಕಾಣುವುದು) ಹೊಂದಿಸುವ ತಿರುಗಣೆ ಇಲ್ಲದ ಸ್ಕೋಪು ಬೇಡ. ಕೋವಿ ಮುಟ್ಟದೆ ತಲೆಯನ್ನು ಆಚೀಚೆ ಸರಿಸಿ ನೋಡಿ. ಗುರಿಯ ಮೇಲೆ ಕ್ರಾಸ್‌ಹೇರ್ ಜಾರಿದರೆ ತಿರುಗಣೆ ಇನ್ನೂ ಸರಿಯಾಗಿ ಕೂತಿಲ್ಲ.

ಕಾಗದಪತ್ರ

ಅಮೆರಿಕದ ಫೆಡರಲ್ ಕಾನೂನಿನಲ್ಲಿ ಆಕ್ಷನ್‌ನ ಹೊರಮೈ, ಅಂದರೆ ರಿಸೀವರ್, ಅದೊಂದೇ ಕೋವಿ ಎನಿಸಿಕೊಳ್ಳುತ್ತದೆ. ಡೀಲರಿಂದ ಅದನ್ನು ಕೊಳ್ಳುವಾಗ ಫಾರಂ 4473 ತುಂಬಬೇಕು, ಹಿನ್ನೆಲೆ ತಪಾಸಣೆ ಆಗಬೇಕು. ಎಚ್-1ಬಿಯಂಥ ತಾತ್ಕಾಲಿಕ ವೀಸಾದಲ್ಲಿರುವ ಕನ್ನಡಿಗರು ಗಮನಿಸಿ: ನಿಮಗೆ ಕೋವಿ, ತೋಟಾ ಎರಡನ್ನೂ ಇಟ್ಟುಕೊಳ್ಳಲು ಫೆಡರಲ್ ನಿಷೇಧವಿದೆ, ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಇದ್ದರೆ ವಿನಾಯಿತಿ ಸಿಗುತ್ತದೆ. ಆಯಾ ರಾಜ್ಯದ ಕಾನೂನು ಬೇರೆ ಇರುತ್ತದೆ, ವಕೀಲರನ್ನು ಕೇಳಿಯೇ ಮುಂದಡಿ ಇಡಿ. ದಕ್ಷಿಣ ಡಕೋಟಾದ ಸಾರ್ವಜನಿಕ ಭೂಮಿಯಲ್ಲಿ ಮಾರ್ಚ್ 1ರಿಂದ ಜೂನ್ 14ರವರೆಗೆ ಪ್ರೇರಿ ಡಾಗ್ ಬೇಟೆ ಇಲ್ಲ. ಯೂಟಾ ಪ್ರೇರಿ ಡಾಗ್ ಸಂರಕ್ಷಿತ ಪ್ರಾಣಿ. ಅಳಿವಿನಂಚಿನ ಕಪ್ಪುಗಾಲಿನ ಫೆರೆಟ್ (ಮುಂಗುಸಿಯಂತೆ ಕಾಣುವ ಪುಟ್ಟ ಪ್ರಾಣಿ) ಬದುಕುವುದೇ ಪ್ರೇರಿ ಡಾಗ್ ತಿಂದು; ಅದನ್ನು ಮರಳಿ ಬಿಟ್ಟ ನೆಲೆಗಳ ನಿಯಮ ಇನ್ನೂ ಬಿಗಿ.

ಗುರಿ ಕೆಟ್ಟಾಗ

ಹಾಳೆಯ ಗುರಿಗೆ ಹೊಡೆದು ತೂತು ನೋಡಿ. ಗುಂಡಗಿರಬೇಕಾದ ತೂತು ಉದ್ದುದ್ದ ಬಿದ್ದಿದ್ದರೆ ಗುಂಡು ಅಡ್ಡ ಹೊರಳಿದೆ, ಅದರ ಉದ್ದಕ್ಕೆ ತಿರುವು ಸಾಲದು. ತೂತೇ ಇಲ್ಲದೆ, ದಾರಿಯಲ್ಲಿ ಬೂದು ಬಣ್ಣದ ಹೊಗೆಯೆಳೆ ಕಂಡರೆ ತಿರುವು ಅತಿಯಾಗಿ ಗುಂಡು ಒಡೆದಿದೆ. ವೇಗ ಇಳಿಸಿ, ಇಲ್ಲವೇ ದಪ್ಪ ಕವಚದ ಗುಂಡು ತನ್ನಿ. ಮೊದಲ ಮೂರು ಒಟ್ಟಿಗೆ ಬಿದ್ದು, ಕಾವೇರಿದಂತೆ ಉಳಿದವು ಒಂದೇ ದಿಕ್ಕಿಗೆ ನಡೆದರೆ ನಳಿಗೆ ಸ್ಟಾಕಿಗೆ ತಾಗುತ್ತಿದೆ ಅಥವಾ ಉಕ್ಕಿನೊಳಗೇ ಬಿಗಿತ ಉಳಿದಿದೆ. ಗುಂಪು ಇದ್ದಕ್ಕಿದ್ದಂತೆ ಎರಡಾಗಿ ಒಡೆದರೆ ಮೊದಲು ಸ್ಕೋಪ್ ಉಂಗುರದ ತಿರುಪು, ಆಮೇಲೆ ಆಕ್ಷನ್ ತಿರುಪು ನೋಡಿ. ಎಲ್ಲ ಬಿಗಿಯಾಗಿದ್ದೂ ದಿನದಿಂದ ದಿನಕ್ಕೆ ಹರವು ಹೆಚ್ಚುತ್ತಿದ್ದರೆ ಗಂಟಲಲ್ಲಿ ಗಟ್ಟಿಯಾದ ಮಸಿಯ ಉಂಗುರ ಕೂತಿರಬಹುದು. ಬೋರ್ ಗೈಡ್ (ತೊಳೆಯುವ ಕಡ್ಡಿ ನೇರ ಹೋಗುವಂತೆ ಹಿಡಿಯುವ ಕೊಳವೆ) ಹಾಕಿ, ಚೇಂಬರ್ ಕಡೆಯಿಂದ ಕಂಚಿನ ಬ್ರಶ್ ಆಡಿಸಿ ತೊಳೆಯಿರಿ. ತೊಳೆದ ನಳಿಗೆಯ ಮೊದಲ ಒಂದೆರಡು ಈಡು ಬೇರೆ ಕಡೆ ಬೀಳುವುದು ಸಹಜ, ಅವನ್ನು ಲೆಕ್ಕಕ್ಕೆ ಹಿಡಿಯದೆ ಮುಂದಿನ ಐದನ್ನು ಅಳೆಯಿರಿ. ಆಗಲೂ ಗುಂಪು ಕೂಡದಿದ್ದರೆ ನಳಿಗೆ ಬದಲಿಸುವ ಕಾಲ ಬಂದಿದೆ.